ದರೆಯ ಮುಂದಿನ ನೀಲಿ ಗೆರೆ

ನನ್ನ ಗೆಳತಿಗೆ ಬಹುಮಾನ ತಂದುಕೊಟ್ಟ ಆ ಮಿಂಚುಳ್ಳಿಯ ಚಿತ್ರವನ್ನು ತೆಗೆದವಳು ನಾನು. ಹೀಗೆಂದರೆ ಅದು ಪೂರ್ತಿ ನಿಜವಾಗುವುದಿಲ್ಲ. ಕ್ಯಾಮೆರಾ ಅವಳದು. ಚಿತ್ರ ಹೀಗೇ ಬರಬೇಕೆಂದು ಮೊದಲು ಮನಸ್ಸಿನಲ್ಲಿ ಕಂಡವಳೂ ಅವಳೇ. ಹಕ್ಕಿ ಬಂದ ಗಳಿಗೆಯಲ್ಲಿ ತಾನಾಗಿಯೇ ಕ್ಯಾಮೆರಾ ತೆರೆದು ಫ್ಲ್ಯಾಶ್ ಹೊಡೆಯುವಂತೆ ಮಾಡಿದ ಸಲಕರಣೆ ಮಾತ್ರ ನನ್ನದು. ಗುಂಡಿ ಒತ್ತಿದ ಬೆರಳು ಇಬ್ಬರದೂ ಅಲ್ಲ. ಕಣ್ಣಿಗೆ ಕಾಣದ ಬೆಳಕಿನ ಎಳೆಯೊಂದನ್ನು ಹಾರುತ್ತಾ ದಾಟಿ ಆ ಹಕ್ಕಿ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡಿತು. ಆದರೆ ಆ ಚಿತ್ರಕ್ಕಾಗಿ ಕಟರ್ ಹಿಡಿದ ಕೈ ಯಾರದು ಎಂದು ಕೇಳಿದರೆ ಯಾವ ಅನುಮಾನವೂ ಇಲ್ಲ. ಅದು ನನ್ನ ಕೈ.

ನಾನು ಭದ್ರಾವತಿಯವಳು. ಅಪ್ಪ ಇಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಫರ್ನೇಸ್ ಮುಂದೆ ನಿಂತು ನಿಂತೇ ನಿವೃತ್ತನಾದವ. ನಾನು ಪಾಲಿಟೆಕ್ನಿಕ್ ಒಂದರ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್. ವಿದ್ಯಾರ್ಥಿಗಳು ಸುಟ್ಟುಹಾಕಿದ ಬೋರ್ಡುಗಳಿಗೆ ಬೆಸುಗೆ ಹಾಕಿ ಬದುಕಿಸುವುದು ನನ್ನ ದಿನನಿತ್ಯದ ಕೆಲಸ. ಮದುವೆಯಾಗಲಿಲ್ಲ. ಅಮ್ಮ ಹೋದ ಮೇಲೆ ಮನೆಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ.

ಗೆಳತಿ ಶಿವಮೊಗ್ಗದವಳು. ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳದು ತಲೆಮಾರುಗಳಿಂದ ಜಮೀನು, ಮಂಡಿ ವ್ಯಾಪಾರ ನಡೆಸಿಕೊಂಡು ಬಂದ ಮನೆತನ. ವಿದ್ಯಾನಗರದ ಅವರ ಮನೆಯ ಹಾಲಿನಲ್ಲಿ ಹಣೆ ತುಂಬ ವಿಭೂತಿ ಹಚ್ಚಿದ ಹಿರಿಯರ ಫೋಟೋಗಳು ಸಾಲಾಗಿವೆ. ಅವಳು ಚಿತ್ರಕಲೆ ಕಲಿತಳು. ಮದುವೆಯಾಗಿ ಅದೇ ಬಡಾವಣೆಯಲ್ಲಿ ಉಳಿದಳು. ಮನೆಯ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತಾಳೆ. ನಲವತ್ತು ದಾಟಿದ ಮೇಲೆ ಇಬ್ಬರಿಗೂ ಒಟ್ಟಿಗೇ ಕ್ಯಾಮೆರಾದ ಹುಚ್ಚು ಹಿಡಿಯಿತು. ಭಾನುವಾರ ಬಂತೆಂದರೆ ಅವಳು ಸ್ಕೂಟರ್ ಹತ್ತಿ ಈ ಕಡೆ ಬರುವಳು, ಇಲ್ಲವೇ ನಾನು ಬಸ್ಸು ಹಿಡಿದು ಆ ಕಡೆ ಹೋಗುವೆ.

ಮೊದಮೊದಲು ನಾವು ಹೋಗುತ್ತಿದ್ದುದು ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೆ. ಒಂದು ದಿನ ಅಲ್ಲಿ ಬಲೆಯ ಹಿಂದೆ ಚಿರತೆಯೊಂದು ಬಿಸಿಲಿಗೆ ಮೈಯೊಡ್ಡಿ ಮಲಗಿತ್ತು. ಲೆನ್ಸಿನ ಅಪರ್ಚರನ್ನು ಪೂರ್ತಿ ತೆರೆದು, ದೂರದಿಂದ ಜೂಮ್ ಮಾಡಿ, ಚಿರತೆಯ ಕಣ್ಣಿನ ಮೇಲೆ ಫೋಕಸ್ ಇಟ್ಟರೆ ನಡುವಿನ ಬಲೆ ಚಿತ್ರದಲ್ಲಿ ಕರಗಿಹೋಗುತ್ತದೆ ಎಂದು ನಾನು ಅವಳಿಗೆ ತೋರಿಸಿದೆ. ನನಗೆ ಹೆಮ್ಮೆಯಿತ್ತು. ಒಂದೊಂದು ಮೀಸೆಕೂದಲೂ ಬೇರೆಬೇರೆ ಕಾಣುತ್ತಿತ್ತು.

"ಚೆನ್ನಾಗೇನೋ ಇದೆ. ಆದ್ರೆ ಸುಳ್ಳು ಕಣೇ ಇದು," ಎಂದಳು ಅವಳು.

"ಸುಳ್ಳೇನು? ಚಿರತೆ ಅಲ್ಲೇ ಇದೆಯಲ್ಲ."

"ಕಾಡಲ್ಲಿ ಮಲಗಿದೆ ಅನ್ನೋ ಹಾಗೆ ಕಾಣ್ಸುತ್ತೆ ಮಾರಾಯ್ತಿ. ಬಲೆ ಮಾಯ ಮಾಡ್ಬೇಡ."

ಅವಳು ಫೋಕಸ್ಸನ್ನು ಬಲೆಯ ಮೇಲೆಯೇ ಇಟ್ಟು ತೆಗೆದಳು. ತಂತಿಯ ಕಣ್ಣುಗಳು ಖಚಿತವಾಗಿ, ಹಿಂದೆ ಹಳದಿ ಮಂಜಿನಂತೆ ಚಿರತೆ. ಫೋಕಸ್ ತಪ್ಪಿದೆ ಎಂದು ನಾನು ನಕ್ಕೆ. ಆದರೆ ಮನೆಗೆ ಬಂದು ಎರಡನ್ನೂ ಕಂಪ್ಯೂಟರಿನಲ್ಲಿ ಹಾಕಿ ನೋಡಿದಾಗ ನನ್ನ ಚಿತ್ರವನ್ನು ಒಮ್ಮೆ ನೋಡಿ ಮುಗಿಸಿದೆ, ಅವಳದನ್ನು ಮತ್ತೆ ಮತ್ತೆ ನೋಡಿದೆ. ಅವಳಿಗೆ ಕಾಣುವ ಏನೋ ಒಂದು ನನಗೆ ಕಾಣುವುದಿಲ್ಲ ಎಂದು ಒಳಗೊಳಗೇ ಚುಚ್ಚತೊಡಗಿದ್ದು ಅಂದಿನಿಂದ. ನನ್ನ ಹಕ್ಕಿಗಳ ಚಿತ್ರಗಳಿಗೆ ಅವಳು ಇಟ್ಟ ಹೆಸರು 'ಪಾಸ್‌ಪೋರ್ಟ್ ಫೋಟೋ'. ಪ್ರೀತಿಯಿಂದಲೇ ಹೇಳುತ್ತಿದ್ದಳು, ನಾನೂ ನಗುತ್ತಿದ್ದೆ. ಆದರೆ ಆ ಮಾತು ನನ್ನೊಳಗೆ ಉಳಿದುಹೋಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವಳು ತನ್ನ ಸ್ಕೆಚ್ ಪುಸ್ತಕ ತಂದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ತೆರೆದಿಟ್ಟಳು. ಪುಟವೆಲ್ಲ ಇದ್ದಿಲಿನ ಕಪ್ಪು. ಅದರಲ್ಲಿ ಬಲದಿಂದ ಎಡಕ್ಕೆ ಕುಂಚದಿಂದ ಒಮ್ಮೆಲೇ ಎಳೆದ ಒಂದು ನೀಲಿ ಗೆರೆ. ಗೆರೆಯ ತುದಿಯಲ್ಲಿ ಮಿಂಚುಳ್ಳಿ, ಅದರ ಮುಂದೆ ಮಣ್ಣಿನ ಗೋಡೆಯಲ್ಲಿ ಒಂದು ಸಣ್ಣ ತೂತು.

"ನಂಗೆ ಹಕ್ಕಿ ಬೇಡ," ಎಂದಳು. "ಹಕ್ಕಿ ಬಂದದ್ದು ಬೇಕು. ಆ ಬರೋದು ಇದ್ಯಲ್ಲ, ಅದು. ನಿನ್ ಮಷೀನ್‌ನಲ್ಲಿ ಆಗುತ್ತಾ ಹೇಳು."

ಆಗುತ್ತದೆ ಎಂದು ನನಗೆ ಆ ಕ್ಷಣವೇ ಹೊಳೆಯಿತು. ಕ್ಯಾಮೆರಾವನ್ನು ಸ್ವಲ್ಪ ಹೆಚ್ಚು ಹೊತ್ತು ತೆರೆದಿಟ್ಟರೆ ಹಾರುವ ಹಕ್ಕಿ ನೀಲಿ ಗೆರೆಯಾಗಿ ಕಾಣುತ್ತದೆ. ಮುಚ್ಚುವ ಮುನ್ನ, ಕೊನೆಯ ಗಳಿಗೆಯಲ್ಲಿ ಫ್ಲ್ಯಾಶ್ ಹೊಡೆದರೆ ಗೆರೆಯ ತುದಿಯಲ್ಲಿ ಹಕ್ಕಿ ರೆಕ್ಕೆ ಬಿಚ್ಚಿ ನಿಲ್ಲುತ್ತದೆ. ಹಕ್ಕಿಯ ದಾರಿಗೆ ಅಡ್ಡವಾಗಿ ಕಣ್ಣಿಗೆ ಕಾಣದ ಎರಡು ಇನ್‌ಫ್ರಾರೆಡ್ ಬೆಳಕಿನ ಎಳೆ ಸಾಕು. ಮೊದಲನೆಯದು ದಾಟಿದಾಗ ಶಟರ್ ತೆರೆಯಬೇಕು, ಎರಡನೆಯದಕ್ಕೆ ಫ್ಲ್ಯಾಶ್. ಅವಳ ಕಣ್ಣಿಗೂ ನನ್ನ ಕೈಗೂ ಮೊದಲ ಬಾರಿ ಒಂದೇ ಕೆಲಸ ಸಿಕ್ಕಿತ್ತು. ಆ ಸಂಜೆ ನಾವಿಬ್ಬರೂ ಪಟ್ಟ ಖುಷಿ ಸುಳ್ಳಲ್ಲ. ಅದನ್ನು ಇಷ್ಟೆಲ್ಲ ಆದ ಮೇಲೂ ಒಪ್ಪಿಕೊಳ್ಳಬೇಕು.

ಗೂಡು ತೋರಿಸಿದವರು ನಮ್ಮ ಊರಾಚೆಯ ನೀರುಗಂಟಿ. ಭದ್ರಾ ನಾಲೆಯ ತೂಬುಗಳನ್ನು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವ ಕೆಲಸ ಅವರದು. ಹೆಗಲಿಗೆ ಸಲಿಕೆ, ಮಂಡಿಯವರೆಗೆ ಕೆಸರು. ನಾಲೆಯ ಪಕ್ಕದ ಹಳ್ಳದಲ್ಲಿ ಗೋಡೆಯಂತೆ ಕಡಿದಾಗಿ ನಿಂತ ಆಳೆತ್ತರದ ಒಂದು ಮಣ್ಣಿನ ದರೆ, ಮೇಲೆ ಹೊಂಗೆ ಮರ. ಮರದ ಬೇರುಗಳು ದರೆಯಿಂದ ಹೊರಬಂದು ಇಳಿಬಿದ್ದಿದ್ದವು. ಆ ಬೇರುಗಳ ಹಿಂದೆ ಕೈಮುಷ್ಟಿ ಹಿಡಿಸುವಷ್ಟು ತೂತು.

"ಮರಿ ಆಗವೆ ಅಮ್ಮಾ," ಎಂದರು. "ಮೀನು ಹೆಂಗೆ ಹಿಡ್ಕಂಡು ಬರ್ತದೆ ನೋಡಿ. ತಾನೇ ತಿನ್ನಂಗಿದ್ರೆ ಮೀನಿನ ತಲೆ ಒಳಗಡೆ ಇರ್ತದೆ. ಮರಿಗೆ ಕೊಡಂಗಿದ್ರೆ ತಲೆ ಹೊರಗಡೆ."

ನೋಡಿದೆವು. ಮೀನಿನ ತಲೆ ಹೊರಗಿತ್ತು. ಇಷ್ಟು ದಿನ ನೂರಾರು ಮಿಂಚುಳ್ಳಿಗಳ ಚಿತ್ರ ತೆಗೆದಿದ್ದ ನನಗೆ ಅದು ಗೊತ್ತಿರಲಿಲ್ಲ.

ನಿಲ್ಲಲು ಜಾಗ ಮಾಡಿಕೊಳ್ಳುತ್ತಾ ನಾನು ದರೆಯ ಬುಡದ ಹುಲ್ಲು ಕಿತ್ತೆ. ಕೈ ಮೇಲೆ ಹೋಗಿ ಒಂದು ಬೇರನ್ನೂ ಹಿಡಿಯಿತು. ಅವರು ಕೂಡಲೇ, "ಹುಲ್ಲು ಕಿತ್ಕಳಿ, ಬೇರು ಮಾತ್ರ ಮುಟ್ಬೇಡಿ. ದರೆ ಹಿಡ್ಕಂಡಿರದೇ ಅದು," ಎಂದರು. ನಾನು ಕೈ ತೆಗೆದೆ. ಗೆಳತಿಯೂ ಪಕ್ಕದಲ್ಲೇ ಇದ್ದಳು.

ಮೊದಲ ಪ್ರಯೋಗಗಳೆಲ್ಲ ನೆಲಕಚ್ಚಿದವು. ಒಂದು ಚಿತ್ರದಲ್ಲಿ ಬರೀ ಬಾಲ, ಇನ್ನೊಂದರಲ್ಲಿ ಬರೀ ದರೆ. ಎಳೆ ಕಡಿದ ಮೇಲೆ ಕ್ಯಾಮೆರಾ ತೆರೆಯಲು ತೆಗೆದುಕೊಳ್ಳುವ ಕ್ಷಣಾರ್ಧದಲ್ಲಿ ಹಕ್ಕಿ ಒಂದು ತೋಳಿನಷ್ಟು ದೂರ ಹೋಗಿಬಿಡುತ್ತಿತ್ತು. ಎಷ್ಟು ಹಿಂದೆ ಎಳೆ ಕಟ್ಟಬೇಕೆಂದು ಕಂಡುಕೊಳ್ಳಲು ನಾನು ಮನೆಯ ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ತಂತಿಗೆ ಕರಿಕಂಬಳಿ ನೇತುಹಾಕಿದೆ. ಟೆನಿಸ್ ಚೆಂಡಿಗೆ ನೀಲಿ ಬಣ್ಣ ಬಳಿದೆ. ಅಪ್ಪನನ್ನು ಎಸೆಯಲು ನಿಲ್ಲಿಸಿದೆ. ಪ್ರತಿದಿನ ಕೆಲಸದಿಂದ ಬಂದ ಮೇಲೆ ಬೆಳಕಿರುವವರೆಗೂ ಇದೇ. ಅಪ್ಪ ಕಂಬಳಿಯ ಮುಂದೆ ಅಡ್ಡಲಾಗಿ ಚೆಂಡೆಸೆಯುವುದು, ನಾನು ಪರದೆಯಲ್ಲಿ ಗೆರೆ ನೋಡುವುದು, ಎಳೆ ಕಟ್ಟಿದ ಕಡ್ಡಿಯನ್ನು ಒಂದು ಬೆರಳು ಆಚೆ ಸರಿಸುವುದು. ವಯಸ್ಸಾದ ಕೈ ನೋಯುತ್ತಿತ್ತೇನೋ, ಹೇಳಲಿಲ್ಲ.

ಒಂದು ಸಂಜೆ ಫ್ಲ್ಯಾಶ್ ಅವನ ಮುಖಕ್ಕೇ ಹೊಡೆಯಿತು. ಕಣ್ಣುಜ್ಜಿಕೊಂಡು ಕೂತ.

"ಫರ್ನೇಸ್ ಬಾಗಿಲು ತೆಗ್ದಾಗ ನಾವು ಬರಿಗಣ್ಣಲ್ಲಿ ನೋಡ್ತಾ ಇರ್ಲಿಲ್ಲ ಕಣಮ್ಮ," ಎಂದ. "ನೀಲಿ ಗಾಜಿನ ಕನ್ನಡಕ ಕೊಡ್ತಿದ್ರು. ನಿನ್ ಹಕ್ಕಿಗೆ ಏನು ಕೊಟ್ಟಿದ್ಯಾ?"

"ತುಂಬಾ ಕಮ್ಮಿ ಪವರ್ ಅಪ್ಪ. ಅದಕ್ಕೇನೂ ಆಗಲ್ಲ."

"ಹಕ್ಕಿ ಹೇಳ್ತಾ?"

ನಾನು ನಕ್ಕು ಚೆಂಡನ್ನು ಅವನ ಕೈಗೆ ಕೊಟ್ಟೆ. ಅವನು ಎದ್ದು ಮತ್ತೆ ಎಸೆಯತೊಡಗಿದ.

ಮೂರನೆಯ ವಾರಕ್ಕೆ ಹೊಂದಾಣಿಕೆ ಕೂಡಿಬಂತು. ಹಳ್ಳದ ನೀರಿನಲ್ಲಿ ಬಿದಿರಿನ ಕಡ್ಡಿ ನೆಟ್ಟು, ಅವಕ್ಕೆ ಎಳೆ ಹೊಮ್ಮಿಸುವ ಟ್ರಿಗರಿನ ಸಣ್ಣ ಡಬ್ಬಿಗಳನ್ನು ಪ್ಲಾಸ್ಟಿಕ್ ಸುತ್ತಿ ಕಟ್ಟಿದ್ದೆ. ಹಕ್ಕಿಗಳಿಗೆ ಅಭ್ಯಾಸವಾಗಲಿ ಎಂದು ಅವನ್ನು ಅಲ್ಲೇ ಬಿಟ್ಟು ಬರುತ್ತಿದ್ದೆ. ಎಳೆ ಕಡಿದಾಗಲೆಲ್ಲ ಡಬ್ಬಿಯ ಮೇಲೆ ಕೆಂಪು ದೀಪವೊಂದು ಮಿಣುಕುತ್ತಿತ್ತು. ಬೆಳಗಿನ ಮಬ್ಬಿನಲ್ಲಿ ಕ್ಯಾಮೆರಾ, ಫ್ಲ್ಯಾಶ್ ಇಟ್ಟು ನಾವಿಬ್ಬರೂ ದೂರದ ಗದ್ದೆ ಬದುವಿನ ಹಿಂದೆ ಕೂರುವುದು. ಆ ಭಾನುವಾರ ಮೊದಲ ಬಾರಿ ಪರದೆಯ ಮೇಲೆ ನೀಲಿ ಗೆರೆ ಮೂಡಿತು. ತುದಿಯಲ್ಲಿ ಹಕ್ಕಿ. ಎಲ್ಲವೂ ಅವಳು ಬರೆದ ಹಾಗೆಯೇ. ಆದರೆ ಹಕ್ಕಿಯ ಎದೆಯ ಮೇಲಿಂದ ಕೆಳಗಿನವರೆಗೆ ಒಂದು ಬಿಳೀ ಪಟ್ಟಿ. ಇಳಿಬಿದ್ದ ಬೇರು ಫ್ಲ್ಯಾಶಿನ ಬೆಳಕು ಹಿಡಿದು ಉರಿದು ಬೆಳ್ಳಗಾಗಿತ್ತು.

"ಅಯ್ಯೋ," ಎಂದಳು ಅವಳು. "ಚಿತ್ರ ಹರಿದು ಹೊಲಿದ ಹಾಗಿದೆ. ಈ ಗೆರೆ ಬೇಡ ಕಣೇ. ಹೇಗಾದ್ರೂ ಮಾಡಿ ತೆಗಿ."

ಹೇಗೆ ತೆಗೆಯಬೇಕೆಂದು ನನಗೆ ಗೊತ್ತಿತ್ತು. ಇಷ್ಟು ವರ್ಷಗಳಾದರೂ ನನ್ನನ್ನು ಬಿಡದ ಸಂಗತಿ ಇದೇ. ಫ್ಲ್ಯಾಶನ್ನು ಬಲಕ್ಕೆ ಸರಿಸಿ, ಅದರ ಬಾಯಿಗೆ ಕರೀ ಕಾಗದದ ಕೊಳವೆ ಕಟ್ಟಿ ಬೆಳಕನ್ನು ಬೇರಿನ ಈಚೆಗೇ ನಿಲ್ಲಿಸಬಹುದಿತ್ತು. ಎರಡನೆಯ ಎಳೆಯನ್ನು ಅರ್ಧ ಅಡಿ ಈಚೆ ತಂದರೆ ಹಕ್ಕಿ ಬೇರಿಗಿಂತ ಮೊದಲೇ ಬೆಳಗುತ್ತಿತ್ತು. ಮತ್ತೆ ಹಿತ್ತಿಲು, ಮತ್ತೆ ಚೆಂಡು, ಮತ್ತೆ ಒಂದು ವಾರ. ನಾನು ಮಾಡಬೇಕಾಗಿದ್ದ ನಿಜವಾದ ಪ್ರಯೋಗವೆಂದರೆ ಅದೊಂದೇ. ಉಳಿದದ್ದೆಲ್ಲ ಯಾರಾದರೂ ಮಾಡಬಹುದಾದ ಸರ್ಕ್ಯೂಟು. ಆದರೆ ಮರುದಿನದಿಂದ ನನಗೆ ಪ್ರಾಕ್ಟಿಕಲ್ ಪರೀಕ್ಷೆಯ ಡ್ಯೂಟಿ. ಅವಳು ಕಣ್ಣಿಟ್ಟಿದ್ದ ಛಾಯಾಚಿತ್ರ ಸ್ಪರ್ಧೆಗೆ ಚಿತ್ರ ಕಳಿಸುವ ಕೊನೆಯ ದಿನ ಆ ವಾರವೇ ಎಂದು ಅವಳು ಬೆಳಗಿನಿಂದ ಎರಡು ಸಲ ಹೇಳಿದ್ದಳು. ಅದಕ್ಕಿಂತ ಹೆಚ್ಚಾಗಿ, ಅವಳು ಬೇಡವೆಂದ ಗೆರೆಯನ್ನು ಅವಳ ಕಣ್ಣೆದುರೇ ಇಲ್ಲವಾಗಿಸಿ, "ಆಯ್ತು, ತಗೋ," ಎನ್ನುವ ಆಸೆ ನನಗಿತ್ತು.

ನೀರುಗಂಟಿ ಆಗ ಮೇಲಿನ ತೂಬಿನ ಕಡೆ ಹೋಗಿದ್ದರು. ನಾನು ಬ್ಯಾಗಿನಿಂದ ತಂತಿ ಕತ್ತರಿಸುವ ಕಟರ್ ತೆಗೆದೆ. ಮೊದಲು ಎಳೆಬೇರುಗಳ ಕುಚ್ಚು. ಆಮೇಲೆ ನೋಡಿದರೆ ಹೆಬ್ಬೆರಳು ದಪ್ಪದ ಒಂದು ಬೇರು ತೂತಿನ ಮೇಲೆ ನೆರಳು ಬೀಳಿಸುತ್ತಿತ್ತು. ಅದನ್ನೂ ಕತ್ತರಿಸಿದೆ. ಅಷ್ಟು ಸುಲಭಕ್ಕೆ ಬರಲಿಲ್ಲ. ಎರಡೂ ಕೈ ಹಾಕಿ, ಮೂರು ಕಡೆ ಕಚ್ಚಿಸಿ ತುಂಡು ಮಾಡಿದೆ. ಒಂದು ಹಿಡಿ ಮಣ್ಣು ಉದುರಿ ನೀರಿಗೆ ಬಿತ್ತು. ಒಳಗಿನಿಂದ ಮರಿಗಳ ಚಿರಿಚಿರಿ ಕೇಳಿಸಿತು. ಬದುವಿನ ಮೇಲೆ ನಿಂತಿದ್ದ ಅವಳು ನೋಡುತ್ತಿದ್ದಳು. ಬೇಡ ಎನ್ನಲಿಲ್ಲ. ಸರಿ ಎಂದೂ ಅನ್ನಲಿಲ್ಲ.

ತಾಯಿಹಕ್ಕಿ ತುಂಬಾ ಹೊತ್ತು ಬರಲಿಲ್ಲ. ಎದುರಿನ ಕಲ್ಲಿನ ಮೇಲೆ ಮೀನು ಕಚ್ಚಿಕೊಂಡು ಕೂತು ತಲೆ ಮೇಲೆ ಕೆಳಗೆ ಆಡಿಸುತ್ತಿತ್ತು. ಬಿಸಿಲೇರಿದರೆ ಬೆಳಕು ಕೆಡುತ್ತದೆ ಎಂದು ನಾವು ಉಸಿರು ಹಿಡಿದು ಕಾದೆವು. ಕೊನೆಗೆ ಬಂತು. ಒಂದೇ ಸಲ.

ಪರದೆಯ ಮೇಲೆ ಅದನ್ನು ನೋಡಿದಾಗ ಅವಳು ನನ್ನ ಕೈ ಹಿಡಿದುಕೊಂಡಳು. ಕಪ್ಪಿನೊಳಗಿಂದ ಹೊರಟ ನೀಲಿ, ತುದಿಯಲ್ಲಿ ಬಿಚ್ಚಿದ ರೆಕ್ಕೆಯ ಒಂದೊಂದು ಗರಿ, ಕೊಕ್ಕಿನಲ್ಲಿ ತಲೆ ಹೊರಗಿಟ್ಟ ಬೆಳ್ಳಿಮೀನು, ಮುಂದೆ ತೂತಿನ ಕತ್ತಲು. ನನ್ನ ಜೀವಮಾನದಲ್ಲಿ ನಾನು ಭಾಗಿಯಾದ ಅತಿ ಒಳ್ಳೆಯ ಚಿತ್ರ ಅದು. ಆ ಸಡಗರದಲ್ಲಿ ಕಡ್ಡಿಗಳನ್ನೂ ಡಬ್ಬಿಗಳನ್ನೂ ಕೀಳದೆ ಬಂದುಬಿಟ್ಟೆವು.

ಬುಧವಾರ ಸಂಜೆ ಗುಡುಗು ಸಮೇತ ಜೋರು ಮಳೆ ಬಂತು. ಗುರುವಾರ ಬೆಳಗ್ಗೆ ಕಾಲೇಜಿಗೆ ಹೋಗುವ ಮುಂಚೆ ಡಬ್ಬಿಗಳು ನೆನೆದವೇನೋ ಎಂದು ನೋಡಲು ಹೋದೆ. ನೆನೆದಿರಲಿಲ್ಲ. ಕಡ್ಡಿಗಳು ನಿಂತೇ ಇದ್ದವು. ದರೆ ಇರಲಿಲ್ಲ. ತೂತಿದ್ದ ಭಾಗ ಪೂರ್ತಿ ಜಾರಿ ಹಳ್ಳದ ಅಂಚಿನಲ್ಲಿ ಮಣ್ಣಿನ ಗುಡ್ಡೆಯಾಗಿತ್ತು. ಬೇರು ಇದ್ದಿದ್ದರೂ ಬೀಳುತ್ತಿತ್ತೇನೋ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಎಡಕ್ಕೆ, ಬೇರು ಹಾಗೇ ಇದ್ದ ಕಡೆ, ದರೆ ಒಂದಿಷ್ಟೂ ಅಲುಗಿರಲಿಲ್ಲ.

ಎರಡು ಹಕ್ಕಿಗಳೂ ಅಲ್ಲೇ ಇದ್ದವು. ಒಂದು ಮೀನು ಕಚ್ಚಿಕೊಂಡು ಹಾರಿ ಬರುತ್ತಿತ್ತು, ತೂತು ಇದ್ದ ಜಾಗದ ಮುಂದೆ ಗಾಳಿಯಲ್ಲಿ ರೆಕ್ಕೆ ಬಡಿಯುತ್ತಾ ನಿಲ್ಲುತ್ತಿತ್ತು, ತಿರುಗಿ ಕಲ್ಲಿಗೆ ಹೋಗುತ್ತಿತ್ತು. ಮೀನಿನ ತಲೆ ಹೊರಗಡೆಗೇ ಇತ್ತು. ಅದು ಬಂದಾಗಲೆಲ್ಲ ನನ್ನ ಡಬ್ಬಿಯ ಮೇಲೆ ಕೆಂಪು ದೀಪ ಮಿಣುಕುತ್ತಿತ್ತು. ಒಂದು ಸಲವೂ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು ಅದು.

ನೀರುಗಂಟಿ ಸಲಿಕೆ ಊರಿಕೊಂಡು ಮಣ್ಣಿನ ಪಕ್ಕ ನಿಂತಿದ್ದರು.

"ಅಗೆದು ನೋಡ್ದೆ ಅಮ್ಮಾ. ಐದು ಇದ್ವು. ತಡ ಆಗಿತ್ತು," ಎಂದರು. ಆಮೇಲೆ ಮಣ್ಣಿನಿಂದ ಬೇರಿನ ತುಂಡೊಂದನ್ನು ಎತ್ತಿ ಅದರ ತುದಿಯನ್ನು ಹೆಬ್ಬೆರಳಿನಿಂದ ಒರೆಸಿದರು. "ಮಳೆಗೆ ಕಿತ್ಕಂಡಿದ್ದಲ್ಲ ಇದು. ಕತ್ತೀಲಿ ಕೊಯ್ದಂಗೂ ಇಲ್ಲ. ಯಾರು ಮಾಡಿದ್ದು?"

"ಗೊತ್ತಿಲ್ಲ," ಎಂದೆ.

ಅವರು ನನ್ನ ಮುಖ ನೋಡಿದರು. ಬೇರಿನ ತುಂಡನ್ನು ಮೆಲ್ಲಗೆ ಮಣ್ಣಿನ ಮೇಲಿಟ್ಟು ತೂಬಿನ ಕಡೆ ನಡೆದರು. ನಾನು ಕಡ್ಡಿ ಕಿತ್ತು, ಡಬ್ಬಿಗಳ ಬ್ಯಾಟರಿ ತೆಗೆದು ಬ್ಯಾಗಿಗೆ ಹಾಕಿಕೊಂಡು, ಹತ್ತು ಗಂಟೆಯ ಪರೀಕ್ಷೆಗೆ ಸರಿಯಾದ ಹೊತ್ತಿಗೆ ಹೋದೆ.

ಮಧ್ಯಾಹ್ನ ಗೆಳತಿಗೆ ಫೋನ್ ಮಾಡಿ ಹೇಳಿದೆ. "ಪಾಪ," ಎಂದಳು. "ಬೇಕಂತ ಮಾಡಿದ್ವಾ ನಾವು?" ಎಂದಳು. ಆಮೇಲೆ, "ಚಿತ್ರ ಕಳಿಸಿಬಿಟ್ಟೆ ಕಣೇ ನಿನ್ನೆ," ಎಂದಳು.

ಯಾರ ಹೆಸರಲ್ಲಿ ಎಂದು ನಾನು ಕೇಳಲಿಲ್ಲ. ಆ ಹೊತ್ತಿನಲ್ಲಿ ಕೇಳುವ ಮಾತಲ್ಲ ಅದು ಎಂದುಕೊಂಡೆ.

ಬಹುಮಾನ ಬಂದದ್ದು ಮಳೆಗಾಲ ಮುಗಿದ ಮೇಲೆ. ಶಿವಮೊಗ್ಗದಲ್ಲಿ ಪ್ರದರ್ಶನ, ಸಮಾರಂಭ. ಅವಳು ಫೋನಿನಲ್ಲಿ ಕುಣಿಯುತ್ತಿದ್ದಳು. "ನೀನು ಬರ್ಲೇಬೇಕು," ಎಂದಳು. ಹೋದೆ. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ.

ಗೋಡೆಯ ಮೇಲೆ ನಮ್ಮ ಚಿತ್ರ ಬಾಗಿಲಿನಷ್ಟು ದೊಡ್ಡದಾಗಿತ್ತು. ಕೆಳಗೆ ಅವಳ ಹೆಸರು. ಅದಕ್ಕೆ ನಾನು ದಾರಿಯುದ್ದಕ್ಕೂ ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದೆ. ಆದರೆ ಚಿತ್ರದಲ್ಲಿ ಏನೋ ಬೇರೆಯಾಗಿತ್ತು. ಹತ್ತಿರ ಹೋಗಿ ನೋಡಿದೆ. ಎಡಭಾಗ ಇಲ್ಲ. ತೂತು ಇರಲಿಲ್ಲ. ಕಪ್ಪಿನಲ್ಲಿ ಹಾರಿಬರುವ ಹಕ್ಕಿಯ ಕೊಕ್ಕಿನ ಮುಂದೆಯೇ ಚೌಕಟ್ಟು ಮುಗಿದುಹೋಗಿತ್ತು. ಬಾಗಿಲ ಬಳಿ ಸ್ಪರ್ಧೆಯ ನಿಯಮಗಳನ್ನು ಅಂಟಿಸಿದ್ದರು. ಗೂಡು, ಮೊಟ್ಟೆ, ಮರಿಗಳಿರುವ ಚಿತ್ರಕ್ಕೆ ಪ್ರವೇಶವಿಲ್ಲ ಎಂದಿತ್ತು. ಒಳ್ಳೆಯ ನಿಯಮ. ಯಾಕೆಂದರೆ ಅಂಥ ಚಿತ್ರ ತೆಗೆಯಲು ಹೋದವರು ನಮ್ಮಂತೆ ಮಾಡುತ್ತಾರೆ.

ವೇದಿಕೆಯ ಮೇಲೆ ಅವಳಿಗೆ ಶಾಲು ಹೊದಿಸಿದರು. ಅವಳು ಚೆನ್ನಾಗಿ ಮಾತನಾಡುತ್ತಾಳೆ. ಮೂರು ವಾರ ಕಾದದ್ದನ್ನು ಹೇಳಿದಳು. ಒಂದು ಎಲೆಯನ್ನೂ ಅಲುಗಿಸದೆ, ಪ್ರಕೃತಿ ತಾನಾಗಿ ಕೊಟ್ಟದ್ದನ್ನು ಮಾತ್ರ ತೆಗೆದುಕೊಂಡೆ ಎಂದಳು. "ತಾಂತ್ರಿಕ ನೆರವು ಕೊಟ್ಟ ನನ್ನ ಭದ್ರಾವತಿಯ ಗೆಳತಿಯೂ ಇಲ್ಲಿದ್ದಾಳೆ," ಎಂದು ಕೈ ತೋರಿಸಿದಳು. ಜನ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೈ ಮುಗಿದೆ. ಎದ್ದು ನಿಂತು ಇನ್ನೇನೋ ಹೇಳಬಹುದಿತ್ತು. ಕೈ ಮುಗಿದು ಕೂತೆ.

ವಾರದ ನಂತರ ಅವಳ ಮನೆಗೆ ಹೋದೆ. ಮಕ್ಕಳ ಕ್ಲಾಸು ಮುಗಿದಿತ್ತು. ನೆಲದ ಮೇಲೆ ಬಣ್ಣದ ನೀರಿನ ಲೋಟಗಳು ಇನ್ನೂ ಹಾಗೇ ಇದ್ದವು. ಅವಳು ಕಾಫಿ ತಂದಿಟ್ಟಳು.

"ತೂತು ಯಾಕೆ ಕತ್ತರಿಸಿದೆ?" ಎಂದು ಕೇಳಿದೆ.

"ರೂಲ್ಸ್ ಇತ್ತಲ್ಲ. ನೋಡಿದೆ ತಾನೇ?"

"ಗೂಡಿಲ್ಲದಿದ್ರೆ ಆ ಹಕ್ಕಿ ಎಲ್ಲಿಗೆ ಹೋಗ್ತಿದೆ? ಬರೋದು ಬೇಕು ಅಂದವಳು ನೀನು. ಎಲ್ಲಿಗೆ ಬರ್ತಿದೆ ಅನ್ನೋದನ್ನೇ ತೆಗೆದುಬಿಟ್ಯಲ್ಲ."

"ಅದು ನಂಗೂ ಬೇಜಾರೇ," ಎಂದಳು. ಆ ಮಾತು ನಿಜವಾಗಿಯೇ ಹೇಳಿದಳು ಅನಿಸಿತು.

"ಮತ್ತೆ, ಒಂದು ಎಲೆ ಅಲುಗಿಸ್ಲಿಲ್ಲ ಅಂದ್ಯಲ್ಲ ಅಲ್ಲಿ? ಬಲೆ ಮಾಯ ಮಾಡಿದ್ದಕ್ಕೆ ಸುಳ್ಳು ಅಂತ ನಂಗೆ ಹೇಳಿದವಳು ನೀನು."

ಅವಳು ಲೋಟ ಕೆಳಗಿಟ್ಟಳು. "ನಾನು ಅಲುಗಿಸ್ಲಿಲ್ಲ," ಎಂದಳು. "ಆ ಗೆರೆ ಬೇಡ ಅಂದೆ, ಅಷ್ಟೇ. ಬೇರು ಕತ್ತರಿಸು ಅಂದ್ನಾ? ಕಟರ್ ಯಾರ ಕೈಲಿತ್ತು ಹೇಳು."

"ನೋಡ್ತಾ ನಿಂತಿದ್ದೆಯಲ್ಲ."

"ನಿಂಗೆ ಗೊತ್ತಿರುತ್ತೆ ಅಂದ್ಕೊಂಡೆ. ನಿನ್ ಕೆಲಸ ನಿಂಗೆ ಗೊತ್ತು ಅಂತ ನಂಬಿದೀನಿ ಯಾವಾಗ್ಲೂ. ಈಗ ನಿಂಗೆ ಬೇಜಾರು ಮರಿ ಸತ್ತಿದ್ದಕ್ಕಾ, ಹೆಸರು ಇಲ್ದಿದ್ದಕ್ಕಾ? ಒಂದು ಹೇಳು."

ಬೇಜಾರು ಎರಡಕ್ಕೂ ಆಗಿತ್ತು, ಆದರೆ ಯಾವುದಕ್ಕೆ ಹೆಚ್ಚು ಎಂದು ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿದಿಲ್ಲ. ಕಾಫಿ ಕುಡಿಯದೆ ಎದ್ದುಬಂದೆ. ಅವಳು ಗೇಟಿನವರೆಗೂ ಬಂದಳು, ಕರೆಯಲಿಲ್ಲ. ಅಂದಿನಿಂದ ನಾವು ಒಟ್ಟಿಗೆ ಚಿತ್ರ ತೆಗೆಯಲು ಹೋಗಿಲ್ಲ. ಹಬ್ಬಕ್ಕೆ ಮೆಸೇಜು ಬರುತ್ತದೆ, ನಾನೂ ಕಳಿಸುತ್ತೇನೆ.

ಅವಳಿಲ್ಲದೆ ನಾನು ತೆಗೆದ ಚಿತ್ರಗಳೆಲ್ಲ ಚೊಕ್ಕವಾಗಿವೆ, ಸತ್ತಿವೆ. ನಾನಿಲ್ಲದೆ ಅವಳು ತೆಗೆದವು, ಪ್ರದರ್ಶನಗಳಲ್ಲಿ ನೋಡಿದ್ದೇನೆ, ಎಲ್ಲೋ ಒಂದು ಕಡೆ ಕೈಕೊಟ್ಟಿರುತ್ತವೆ. ಇದರಿಂದ ನನಗೆ ಸಮಾಧಾನವಾಗಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ.

ಎರಡು ವರ್ಷ ಕಳೆದ ಮೇಲೆ ಆಯನೂರಿನಲ್ಲಿ ಹವ್ಯಾಸಿ ಛಾಯಾಗ್ರಾಹಕರ ಒಂದು ದಿನದ ಶಿಬಿರಕ್ಕೆ ನನ್ನನ್ನು ಕರೆದರು. ಟ್ರಿಗರ್ ಬಗ್ಗೆ ಮಾತನಾಡಬೇಕಿತ್ತು. ಹೊರಡುವ ಮುಂಚೆ ಅಪ್ಪನಿಗೆ, "ಇವತ್ತು ಎಲ್ಲಾ ಹೇಳಿಬಿಡ್ತೀನಿ," ಎಂದೆ. ಅವನಿಗೆ ದರೆಯ ವಿಷಯ ಗೊತ್ತಿತ್ತು. ಬೈದಿರಲಿಲ್ಲ, ಹಿತ್ತಿಲಿನ ಕರಿಕಂಬಳಿಯನ್ನು ತಾನೇ ಮಡಿಸಿ ಒಳಗಿಟ್ಟಿದ್ದ, ಅಷ್ಟೇ.

ಅರವತ್ತು ಎಪ್ಪತ್ತು ಜನ ಇದ್ದರು. ಆ ಭಾನುವಾರವೇ ನಕಲಿಸಿಟ್ಟುಕೊಂಡಿದ್ದ, ಗೂಡು ಇರುವ, ಕತ್ತರಿಸದ ಮೂಲ ಚಿತ್ರವನ್ನು ಪರದೆಯ ಮೇಲೆ ಹಾಕಿದೆ. ಎರಡು ಎಳೆಗಳ ವಿಷಯ ಹೇಳಿದೆ. ಬಿಳೀ ಪಟ್ಟಿಯ ವಿಷಯ, ಕಟರ್ ವಿಷಯ ಹೇಳಿದೆ. ಕಾಗದದ ಕೊಳವೆ ಕಟ್ಟಿದ್ದರೆ ಸಾಕಿತ್ತು, ನನಗೆ ಅದು ಗೊತ್ತಿತ್ತು, ಸಮಯ ಉಳಿಸಲು ಬೇರು ಕತ್ತರಿಸಿದೆ, ದರೆ ಬಿತ್ತು, ಐದು ಮರಿ ಹೋದವು ಎಂದೆ. ನೀರುಗಂಟಿಗೆ ಸುಳ್ಳು ಹೇಳಿದ್ದನ್ನೂ ಹೇಳಿದೆ. ಅವರು ಅಷ್ಟರಲ್ಲಿ ಕೆಲಸ ಬಿಟ್ಟು ಮಗಳ ಊರಿಗೆ ಹೋಗಿದ್ದರು. ಅವರೊಬ್ಬರ ಮುಂದೆ ನಿಂತು ಹೇಳಬೇಕಾದ ಮಾತನ್ನು ಗುರುತಿಲ್ಲದ ಇಷ್ಟೊಂದು ಜನರ ಮುಂದೆ ಹೇಳುತ್ತಿದ್ದೆ. ಗೆಳತಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ನನ್ನ ಗಂಟಲು ಕಟ್ಟಿತ್ತು. ಪ್ರಶ್ನೆಗಳಿದ್ದರೆ ಕೇಳಿ ಎಂದು ಸಂಘಟಕರು ಹೇಳಿದರು.

ಮುಂದಿನ ಸಾಲಿನಲ್ಲಿ ಒಬ್ಬರು ಎದ್ದರು. ಕೈಯಲ್ಲಿ ನೋಟ್‌ಬುಕ್ಕು. "ಮೇಡಂ, ಫೋಟೋ ಮಾತ್ರ ಸೂಪರ್," ಎಂದರು. "ಫ್ಲ್ಯಾಶ್ ಪವರ್ ಎಷ್ಟು ಇಟ್ಟಿದ್ರಿ?"

ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಅಪ್ಪ ಜಗಲಿಯಲ್ಲಿ ಕೂತಿದ್ದ.

"ಹೇಳಿದ್ಯಾ?"

"ಹೇಳ್ದೆ."

"ಏನಂದ್ರು?"

"ಫ್ಲ್ಯಾಶ್ ಪವರ್ ಎಷ್ಟು ಅಂತ ಕೇಳಿದ್ರು."

ಅಪ್ಪ ರಸ್ತೆಯ ಕಡೆ ತಿರುಗಿದ. "ಅದನ್ನೂ ಹೇಳಿದ್ಯಾ?"

"ಹೇಳ್ದೆ," ಎಂದೆ.

ಬರೀ ಪವರ್ ಅಲ್ಲ. ಎಳೆಗಳ ನಡುವಿನ ಅಂತರ, ಶಟರಿನ ವೇಗ, ಕಡ್ಡಿಯ ಎತ್ತರ, ಎಲ್ಲವನ್ನೂ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸಿದ್ದೆ. ಎಲ್ಲರೂ ಬರೆದುಕೊಂಡರು. ವಿವರಿಸುತ್ತಾ ವಿವರಿಸುತ್ತಾ ನನ್ನ ಗಂಟಲು ಸರಿಹೋಗಿತ್ತು.